ನಲವತ್ತು ಗಿಟಾರು, ಮೂರು ಪಟ್ಟು ಸದ್ದು

ಇಲ್ಲಿ ಜರ್ಮನಿಯ ಕ್ಲಾಸಿಕಲ್ ಗಿಟಾರ್ ಫೆಸ್ಟಿವಲ್‌ಗಳ ಕೊನೇ ದಿನದ ಕಾರ್ಯಕ್ರಮ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಮೊದಲರ್ಧ ಸೋಲೋ ಕಲಾವಿದರದ್ದು, ಆಮೇಲೆ ಇಂಟರ್ವಲ್, ಆಮೇಲೆ ವಾರವಿಡೀ ವರ್ಕ್‌ಶಾಪಿಗೆ ಅಂತ ಬಂದಿದ್ದವರೆಲ್ಲ ಸೇರಿ ನುಡಿಸೋ ಗಿಟಾರ್ ಆರ್ಕೆಸ್ಟ್ರಾ. ಇಂಟರ್ವಲ್‌ನಲ್ಲಿ ಒಂದಷ್ಟು ಜನ ಬ್ಯಾಗ್ ಎತ್ಕೊಂಡು ಹೊರಟೇಬಿಡ್ತಾರೆ. ಯಾರು ಅಂತ ನೋಡಿದ್ರೆ ಸಂಗೀತ ಗೊತ್ತಿಲ್ಲದವರಲ್ಲ, ಚೆನ್ನಾಗಿ ಗೊತ್ತಿರೋವ್ರೇ. ಯಾವ ಗಿಟಾರನ್ನ ಯಾರು ಮಾಡಿದ್ದು, ಬಾಖ್ ಅನ್ನೋ ಹಳೇ ಜರ್ಮನ್ ಸಂಗೀತಗಾರನ ಕೃತಿಗಳನ್ನ ಗಿಟಾರಿಗೆ ಇಳಿಸಿದ್ದರಲ್ಲಿ ಯಾವುದು ಒಳ್ಳೇದು ಅಂತ ಅರ್ಧ ಗಂಟೆ ಮಾತಾಡೋರು. ಅವರ ಪ್ರಕಾರ ಅಸಲಿ ಕಚೇರಿ ಮುಗೀತು, ಇನ್ನು ಉಳಿದಿರೋದು ಹವ್ಯಾಸಿಗಳ ಸ್ಕೂಲ್ ಡೇ. ಈ ಸಲ ಆ ಹೊರಟೋರನ್ನ ನಾನು ಎದುರಿಂದಾನೇ ನೋಡಿದೆ, ಯಾಕಂದ್ರೆ ಆ ನಲವತ್ತು ಜನರಲ್ಲಿ ಮೂರನೇ ಗಿಟಾರ್ ಸಾಲಿನ ಮೂಲೇಲಿ ನಾನೂ ಕೂತಿದ್ದೆ. ಸ್ವಲ್ಪ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದ್ರೆ ಸಿಟ್ಟಿಗಿಂತ ಹೆಚ್ಚಾಗಿ, ಇವ್ರು ತಪ್ಪಾದ ಅರ್ಧಕ್ಕೆ ಎದ್ದು ಹೋಗ್ತಿದ್ದಾರೆ ಅನ್ನಿಸ್ತು. ಯಾಕೆ ಹಂಗನ್ನಿಸ್ತು ಅಂತ ಬರೀಬೇಕು ಅಂತಾನೇ ಇದನ್ನ ಟೈಪ್ ಮಾಡ್ತಾ ಕೂತಿರೋದು.

ನಾವಿರೋದು ಸ್ಟುಟ್‌ಗಾರ್ಟ್ ಕಡೆ. ಫೆಸ್ಟಿವಲ್ ನಡೆದಿದ್ದು ರೈಲಲ್ಲಿ ಸ್ವಲ್ಪ ದೂರದ ಒಂದು ಸಣ್ಣ ಊರಲ್ಲಿ. ಜರ್ಮನಿಯಲ್ಲಿ ಇಂಥವು ಬೇಜಾನ್ ಇವೆ, ಕೊಬ್ಲೆಂಜ್, ಇಸರ್ಲೋನ್ ಥರದ ದೊಡ್ಡ ಹೆಸರಿನವು ಬೇರೆ, ಊರಿನ ಮ್ಯೂಸಿಕ್ ಸ್ಕೂಲು ಮತ್ತೆ ಚರ್ಚು ಸೇರಿ ನಡೆಸೋ ಇಂಥ ಸಣ್ಣವು ಬೇರೆ. ಬೆಳಿಗ್ಗೆ ಮಾಸ್ಟರ್‌ಕ್ಲಾಸ್, ಮಧ್ಯಾಹ್ನ ಆರ್ಕೆಸ್ಟ್ರಾ ರಿಹರ್ಸಲ್, ಸಂಜೆ ಕಾನ್ಸರ್ಟ್. ಬರೋರು ಅಂದ್ರೆ ಕಾಂಪಿಟಿಷನ್ ಗೆಲ್ಲಬೇಕು ಅಂತ ಬಂದಿರೋ ಇಪ್ಪತ್ತರ ಹುಡುಗರು, ರಿಟೈರ್ಡ್ ಟೀಚರ್‌ಗಳು, ಡೆಂಟಿಸ್ಟ್‌ಗಳು, ನನ್ನಂಥ ಸಾಫ್ಟ್‌ವೇರ್‌ನೋರು. ಎಲ್ಲರ ಕೈ ನೋಡಿದ ತಕ್ಷಣ ಗೊತ್ತಾಗುತ್ತೆ ಯಾವ ಜಾತಿ ಅಂತ, ತಂತಿ ಮೀಟೋ ಬಲಗೈ ಉಗುರು ಉದ್ದ, ತಂತಿ ಒತ್ತೋ ಎಡಗೈದು ಬುಡಕ್ಕೆ ಕತ್ತರಿಸಿದ್ದು. ಊಟದ ಟೇಬಲ್ ಮೇಲೆ ಅರ್ಧ ಮಾತು ಉಗುರಿಂದೇ. ಒಬ್ಬರಿಗೆ ಹಿಂದಿನ ದಿನ ಸೂಟ್‌ಕೇಸ್ ಎತ್ತುವಾಗ ಉಂಗುರದ ಬೆರಳಿನ ಉಗುರು ಮುರಿದುಹೋಗಿ, ಪಿಂಗ್‌ಪಾಂಗ್ ಬಾಲ್ ಕತ್ತರಿಸಿ ಅದರ ತುಂಡನ್ನ ಸೂಪರ್ ಗ್ಲೂ ಹಾಕಿ ಉಗುರಿನ ಅಡಿ ಅಂಟಿಸ್ಕೊಂಡಿದ್ರು. ತಮಾಷೆ ಅಲ್ಲ, ಗಿಟಾರಿನೋರಲ್ಲಿ ಇದು ಹಳೇ ಮನೆಮದ್ದು, ಸದ್ದು ಕೂಡ ಪರವಾಗಿಲ್ಲ.

ಇನ್ನೊಂದು ವಿಷಯ ಏನಂದ್ರೆ ಇವರೆಲ್ಲ ಒಂಟಿ ಪ್ರಾಣಿಗಳು. ವಯಲಿನ್ ಕಲಿಯೋ ಮಗು ಒಂದೆರಡು ವರ್ಷಕ್ಕೇ ಯಾವುದೋ ಆರ್ಕೆಸ್ಟ್ರಾದ ಹಿಂದಿನ ಸಾಲಲ್ಲಿ ಹೋಗಿ ಕೂರುತ್ತೆ, ಪಕ್ಕದೋರ ಬಿಲ್ಲು ನೋಡ್ತಾ ನೋಡ್ತಾ ಕಲಿಯುತ್ತೆ. ಗಿಟಾರ್ ಕಲಿಯೋರು ರೂಮಲ್ಲಿ ಬಾಗಿಲು ಹಾಕ್ಕೊಂಡು ಒಬ್ಬರೇ ಕಲೀತಾರೆ. ರಾಗ, ಬೇಸು, ಮಧ್ಯದ ಸ್ವರಗಳು ಎಲ್ಲ ಒಂದೇ ವಾದ್ಯದಲ್ಲಿ ಸಿಗೋದ್ರಿಂದ ಇನ್ನೊಬ್ಬರ ಅವಶ್ಯಕತೆಯೇ ಬೀಳಲ್ಲ. ಹಿಂಗಾಗಿ ಹತ್ತು ವರ್ಷ ನುಡಿಸಿದೋರಿಗೂ ಇನ್ನೊಬ್ಬರ ಜೊತೆ ನಾಲ್ಕು ಬಾರ್ (ನಮ್ಮ ತಾಳದ ಆವರ್ತ ಇದ್ದಂಗೆ) ಸರಿಯಾಗಿ ಶುರು ಮಾಡೋಕೆ ಬರಲ್ಲ. ನೋಟೇಶನ್ ನೋಡಿದ ಕೂಡಲೇ ಓದಿ ನುಡಿಸೋದಂತೂ ಕೇಳಲೇಬೇಡಿ.

ಆವಾಗ ಅಪ್ಪ ಅಮ್ಮ ಸಾಗರದಿಂದ ಬಂದಿದ್ರು. ವೀಸಾ ಸಿಕ್ಕಿದಷ್ಟೂ ದಿನ ಇರೋ ಬೇಸಿಗೆ ಟ್ರಿಪ್ಪು, ಗೊತ್ತಲ್ಲ. ಅಮ್ಮ ಮೊಮ್ಮಗನ ಜೊತೆ ಮನೇಲೇ ಇರ್ತೀನಿ ಅಂದ್ರು, ಅಪ್ಪ ಬಂದ್ರು. ಅಪ್ಪ ಅಡಿಕೆ ತೋಟದ ಮನುಷ್ಯ, ಯಕ್ಷಗಾನದ ಹುಚ್ಚು, ಬೆಳಗಿನ ಜಾವದವರೆಗೆ ಆಟ ನೋಡಿ ಮತ್ತೆ ಕೊಟ್ಟಿಗೆ ಕೆಲಸಕ್ಕೆ ನಿಂತ ತಲೆಮಾರು. ಗಿಟಾರ್ ಅಂದ್ರೆ ಅವರ ಲೆಕ್ಕದಲ್ಲಿ ಕಾಲೇಜ್ ಹುಡುಗರು ಕುತ್ತಿಗೆಗೆ ನೇತುಹಾಕ್ಕೊಳ್ಳೋ ವಸ್ತು. ಜುಲೈನಲ್ಲೂ ಸ್ವೆಟರ್ ಹಾಕ್ಕೊಂಡು ಚರ್ಚಿನ ಬೆಂಚ್ ಮೇಲೆ ಕೂತ್ರು, ಸುತ್ತ ನೋಡಿ ಮೊದಲು ಕೇಳಿದ್ದು, "ಮೈಕ್ ಎಲ್ಲಿ?" ಅಂತ.

ಮೈಕ್ ಇರಲ್ಲ. ಅದೇ ಇದರ ಮಜಾ ಮತ್ತೆ ಅದೇ ಇದರ ಕಷ್ಟ. ಆಂಡ್ರೆಸ್ ಸೆಗೋವಿಯಾ 1893ರಲ್ಲಿ ಹುಟ್ಟಿ 1987ರವರೆಗೆ ಬದುಕಿದ್ದ ಸ್ಪೇನಿನ ಮಹಾ ಗಿಟಾರಿಸ್ಟು, ಸಾವಿರಾರು ಜನ ಕೂರೋ ಹಾಲ್‌ಗಳಲ್ಲೂ ಮೈಕಿಲ್ಲದೆ ನುಡಿಸ್ತಿದ್ದ, ಕ್ಲಾಸಿಕಲ್ ಗಿಟಾರಿನ ಮಡಿ-ಮೈಲಿಗೆ ಶಾಸ್ತ್ರದಲ್ಲಿ ಅರ್ಧ ಅವನಿಂದಾನೇ ಬಂದಿದ್ದು. ಅವತ್ತು ಮೊದಲು ನುಡಿಸಿದ ಹುಡುಗ ತಗೊಂಡಿದ್ದು ಬಾಖ್‌ನ ಶಾಕೋನ್. ಮೂಲದಲ್ಲಿ ಅದು ಒಂಟಿ ವಯಲಿನ್‌ಗೆ ಬರೆದಿದ್ದು, ಸೆಗೋವಿಯಾ 1935ರಲ್ಲಿ ಪ್ಯಾರಿಸ್‌ನಲ್ಲಿ ಗಿಟಾರ್ ಮೇಲೆ ನುಡಿಸಿದ ಮೇಲೆ ಗಿಟಾರಿನೋರು ಅದನ್ನ ತಮ್ಮ ಆಸ್ತಿ ಅಂತಾನೇ ಅಂದ್ಕೊಂಡುಬಿಟ್ಟಿದ್ದಾರೆ. ಸುಮಾರು ಹದಿನೈದು ನಿಮಿಷ, ನಾಲ್ಕು ಬಾರ್‌ಗಳ ಒಂದು ನಡೆ, ಅದನ್ನೇ ಬದಲಾಯಿಸಿ ಬದಲಾಯಿಸಿ ವೇರಿಯೇಷನ್ ಮೇಲೆ ವೇರಿಯೇಷನ್. ಮೊದಲ ಎರಡು ನಿಮಿಷ ಅಪ್ಪ ಕತ್ತು ಮುಂದೆ ಚಾಚಿ ಕೂತಿದ್ರು, ಕೇಳಿಸ್ತಿಲ್ಲ ಅಂತ. ಆಮೇಲೆ ತಾನಾಗಿ ಕಿವಿ ಹೊಂದ್ಕೊಳ್ತು ಅನ್ಸುತ್ತೆ, ಹಿಂದೆ ಒರಗಿದ್ರು. ಇದು ಎಲ್ಲರಿಗೂ ಆಗೋದೇ. ಮೊದಲ ಪೀಸ್ ಯಾವಾಗಲೂ ಕಿವಿ ಸಣ್ಣ ಮಾಡ್ಕೊಳ್ಳೋಕೆ ಖರ್ಚಾಗುತ್ತೆ, ಹಾಗಾಗಿ ಶಾಕೋನ್‌ನಂಥ ದೊಡ್ಡದನ್ನ ಮೊದಲೇ ಇಡಬಾರದು ಅಂತ ನನ್ನ ವಾದ, ಆದ್ರೆ ಹುಡುಗರು ಕೇಳಬೇಕಲ್ಲ.

ಎರಡನೇ ಕಲಾವಿದೆ ಬೆಂಜಮಿನ್ ಬ್ರಿಟನ್ ಅನ್ನೋ ಇಂಗ್ಲಿಷ್ ಸಂಯೋಜಕನ ನಾಕ್ಟರ್ನಲ್ ತಗೊಂಡ್ರು. 1963ರಲ್ಲಿ ಜೂಲಿಯನ್ ಬ್ರೀಮ್ ಅನ್ನೋ ಇಂಗ್ಲಿಷ್ ಗಿಟಾರಿಸ್ಟ್‌ಗೋಸ್ಕರ ಬರೆದಿದ್ದು, ಇಪ್ಪತ್ತನೇ ಶತಮಾನದ ಗಿಟಾರ್ ಸಂಗೀತದಲ್ಲಿ ಇದಕ್ಕಿಂತ ಗಟ್ಟಿ ಕೃತಿ ಇಲ್ಲ ಅನ್ನೋರಲ್ಲಿ ನಾನೂ ಒಬ್ಬಳು. ಇದರ ಕಟ್ಟೋಣ ಉಲ್ಟಾ. ಸಾಮಾನ್ಯವಾಗಿ ಮೊದಲು ಮೂಲ ರಾಗ, ಆಮೇಲೆ ಅದರ ವೇರಿಯೇಷನ್‌ಗಳು. ಇಲ್ಲಿ ವೇರಿಯೇಷನ್‌ಗಳೆಲ್ಲ ಮೊದಲೇ ಬಂದು ಹೋಗುತ್ವೆ, ಒಂದರಲ್ಲಿ ಹೊರಳಾಟ, ಒಂದರಲ್ಲಿ ಚಡಪಡಿಕೆ, ಒಂದರಲ್ಲಿ ಅರೆಬರೆ ಕನಸು, ಕಟ್ಟಕಡೆಗೆ ಜಾನ್ ಡೌಲಂಡ್ ಅನ್ನೋ ಸುಮಾರು ನಾನ್ನೂರು ವರ್ಷ ಹಿಂದಿನ ಇಂಗ್ಲಿಷ್ ಸಂಗೀತಗಾರನ (ಗಿಟಾರಿನ ಹಳೇ ನೆಂಟ ಲ್ಯೂಟ್ ನುಡಿಸ್ತಿದ್ದೋನು) ನಿದ್ದೆಯ ಹಾಡು ಪೂರ್ತಿ ರೂಪದಲ್ಲಿ ಕಾಣಿಸ್ಕೊಳ್ಳುತ್ತೆ. ನಿದ್ದೆ ಬರದೆ ಒದ್ದಾಡೋ ರಾತ್ರಿ, ಕೊನೆಗೆ ನಿದ್ದೆ. ನಾನು ಪಕ್ಕಕ್ಕೆ ತಿರುಗಿ ನೋಡಿದ್ರೆ ಅಪ್ಪ ಡೌಲಂಡ್ ಬರೋಕೆ ಮುಂಚೇನೇ ಗಾಢ ನಿದ್ದೆ. ಎಬ್ಬಿಸಲಿಲ್ಲ. ಕೃತಿ ಏನು ಕೇಳ್ತಿತ್ತೋ ಅದನ್ನ ಅವರು ಬೇರೆಯವರಿಗಿಂತ ಮುಂಚೆ ಮಾಡಿ ಮುಗಿಸಿದ್ರು, ಅಷ್ಟೇ.

ಸೋಲೋ ಬಗ್ಗೆ ನಾನು ಕೆಟ್ಟದಾಗಿ ಹೇಳ್ತಿಲ್ಲ ಅನ್ನೋದು ಇಷ್ಟರಲ್ಲಿ ಗೊತ್ತಾಗಿರಬೇಕು. ಆಕೆ ನುಡಿಸಿದ ಡೌಲಂಡ್ ಇನ್ನೂ ತಲೆಯಲ್ಲಿದೆ. ಆದ್ರೆ ಇಂಥ ಸೋಲೋಗಳು ಯೂಟ್ಯೂಬಲ್ಲಿ ಬೇಕಾದಷ್ಟು ಸಿಗುತ್ವೆ, ಹತ್ತಿರದಿಂದ ರೆಕಾರ್ಡ್ ಮಾಡಿರ್ತಾರೆ, ಚರ್ಚಿನ ಹದಿನೈದನೇ ಸಾಲಲ್ಲಿ ಕೂತು ಕೇಳೋದಕ್ಕಿಂತ ಚೆನ್ನಾಗೇ ಕೇಳಿಸುತ್ತೆ. ರೆಕಾರ್ಡಿಂಗಲ್ಲಿ ಸಿಗದೇ ಇರೋದು ಎರಡನೇ ಅರ್ಧದ್ದು.

ಅದಕ್ಕೆ ಮುಂಚೆ ಇಂಟರ್ವಲ್‌ನ ಕಥೆ ಒಂದಿದೆ. ಪಕ್ಕದ ಕಟ್ಟಡದಲ್ಲಿ ಗಿಟಾರ್ ಮಾಡುವವರು ಟೇಬಲ್ ಹಾಕ್ಕೊಂಡು ತಮ್ಮ ಗಿಟಾರ್‌ಗಳನ್ನ ಇಟ್ಟಿದ್ರು. ನಿದ್ದೆ ಮುಗಿಸಿ ಫ್ರೆಶ್ ಆಗಿದ್ದ ಅಪ್ಪ ಅಲ್ಲಿಗೆ ಬಂದೋರೇ ಒಂದು ಗಿಟಾರಿನ ಬೆನ್ನು ತಿರುಗಿಸಿ, ಕನ್ನಡಕ ಮೇಲೆತ್ತಿ, "ಮಾರಾಯ್ತಿ, ಇದು ಬೀಟೆ ಅಲ್ವನೇ?" ಅಂದ್ರು. ಹೌದು, ಬೀಟೆನೇ. ಇಂಡಿಯನ್ ರೋಸ್‌ವುಡ್ ಅಂತ ಲೋಕವೆಲ್ಲ ಕರೆಯೋ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆ, ಕ್ಲಾಸಿಕಲ್ ಗಿಟಾರ್‌ಗಳ ಬೆನ್ನು ಮತ್ತು ಪಕ್ಕೆಗೆ ಇವತ್ತು ಅತಿ ಹೆಚ್ಚು ಬಳಸೋ ಮರಗಳಲ್ಲಿ ಒಂದು. ಮುಂಚೆ ಬ್ರೆಜಿಲ್ ರೋಸ್‌ವುಡ್‌ಗೆ ಮರ್ಯಾದೆ ಜಾಸ್ತಿ ಇತ್ತು, ಕಾಡು ಖಾಲಿಯಾಗ್ತಾ ಬಂದು 1992ರಲ್ಲಿ ಸೈಟೀಸ್ ಅನ್ನೋ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಅದರ ವ್ಯಾಪಾರವನ್ನೇ ಹೆಚ್ಚುಕಮ್ಮಿ ನಿಲ್ಲಿಸಿದ್ರು, ಆಮೇಲೆ ನಮ್ಮ ಬೀಟೆಯ ಮೇಲೆ ಭಾರ ಬಿತ್ತು. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳಿಗೂ ಕಾಗದಪತ್ರ ಬೇಕು ಅಂತ ಮಾಡಿದಾಗ ಗಿಟಾರ್ ಹೊತ್ಕೊಂಡು ದೇಶ ಸುತ್ತೋರಿಗೆಲ್ಲ ತಲೆನೋವಾಗಿ, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ತು.

ಅಪ್ಪನಿಗೆ ಇದರಲ್ಲಿ ತಮ್ಮದೇ ಸಿಟ್ಟಿದೆ. ಸ್ವಂತ ತೋಟದ ತಲೆಗಟ್ಟಿನಲ್ಲಿ ಅಜ್ಜನ ಕಾಲದಿಂದ ನಿಂತಿರೋ ಬೀಟೆ ಮರ ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು. "ನಾವು ಒಂದು ಮಂಚ ಮಾಡ್ಸಕ್ಕೂ ಕಂಡಕಂಡವರ ಕಾಲು ಹಿಡೀಬೇಕು, ಇವ್ರ ಹತ್ರ ನೋಡಿದ್ರೆ ಟೇಬಲ್ ತುಂಬ ಬೀಟೆ" ಅಂದ್ರು. ನಾನು ಅದನ್ನ ಸ್ವಲ್ಪ ನಯ ಮಾಡಿ ಜರ್ಮನ್‌ನಲ್ಲಿ ಹೇಳಿದೆ. ಆ ಗಿಟಾರ್ ಮಾಡೋ ಮನುಷ್ಯ ನಕ್ಕು, ನಿಜ ಹೇಳಬೇಕಂದ್ರೆ ಸದ್ದಿಗೆ ಮುಖ್ಯ ಬೆನ್ನಲ್ಲ, ಎದುರಿನ ಹಲಗೆ, ಸ್ಪ್ರೂಸ್ ಅಥವಾ ಸೀಡರ್‌ದು, ಬರೀ ಎರಡು-ಎರಡೂವರೆ ಮಿಲಿಮೀಟರ್ ದಪ್ಪ, ಅದರ ಒಳಗೆ ಬೀಸಣಿಗೆ ಆಕಾರದಲ್ಲಿ ಅಂಟಿಸಿರೋ ಸಣ್ಣ ಸಣ್ಣ ಪಟ್ಟಿಗಳು, ಅಲ್ಲೇ ಎಲ್ಲ ಇರೋದು ಅಂತ ಶುರು ಮಾಡಿದ್ರು. ಇವತ್ತಿನ ಕ್ಲಾಸಿಕಲ್ ಗಿಟಾರಿಗೆ ಈ ರೂಪ ಕೊಟ್ಟ ಸ್ಪೇನಿನ ಆಂಟೋನಿಯೋ ದೆ ಟೊರೆಸ್ ಇದನ್ನ ತೋರಿಸೋಕೆ ಅಂತಾನೇ 1862ರಲ್ಲಿ ಬೆನ್ನು, ಪಕ್ಕೆ ಎರಡನ್ನೂ ರಟ್ಟಿನಲ್ಲಿ ಮಾಡಿ ಒಂದು ಗಿಟಾರ್ ಕಟ್ಟಿದ್ದ, ಅದು ಬಾರ್ಸಿಲೋನಾದ ಮ್ಯೂಸಿಯಂನಲ್ಲಿದೆ. ಇದನ್ನ ಅಪ್ಪನಿಗೆ ಕನ್ನಡದಲ್ಲಿ ಹೇಳಿದ ಕೂಡಲೇ ಬಂದ ಪ್ರಶ್ನೆ, "ಹಂಗಾದ್ರೆ ರಟ್ಟಲ್ಲೇ ಮಾಡ್ಲಿ, ನಮ್ಮ ಬೀಟೆ ಎಂತಕ್ಕೆ?" ಆ ಮನುಷ್ಯನ ಹತ್ರ ಇದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ರಾನೂ ಇಲ್ಲ, ನನ್ನ ಗಿಟಾರಿನ ಬೆನ್ನೂ ಬೀಟೆದೇ.

ಸರಿ, ಆರ್ಕೆಸ್ಟ್ರಾಗೆ ಬರೋಣ. ಬರೀ ಗಿಟಾರ್‌ಗಳ ದೊಡ್ಡ ಗುಂಪು ಅನ್ನೋದು ಈಗಿನ ಫೆಸ್ಟಿವಲ್‌ನೋರ ಐಡಿಯಾ ಅಲ್ಲ. ಇಪ್ಪತ್ತನೇ ಶತಮಾನದ ಶುರುವಲ್ಲೇ ಮ್ಯೂನಿಕ್‌ನಲ್ಲಿ ಹೈನ್ರಿಖ್ ಆಲ್ಬರ್ಟ್ ಅನ್ನೋರು ನಾಲ್ಕು ಜನರ ಗಿಟಾರ್ ಗುಂಪು ಕಟ್ಟಿ, ಅದರಲ್ಲಿ ಶ್ರುತಿ ಮೇಲಿರೋ ಸಣ್ಣ ಗಿಟಾರ್, ಮಾಮೂಲಿದು, ಕೆಳಗಿನ ಶ್ರುತಿಯ ಬೇಸ್ ಗಿಟಾರ್ ಅಂತ ಬೇರೆ ಬೇರೆ ಅಳತೆಯವನ್ನ ಬಳಸಿದ್ರು. ಆಮೇಲೆ ಜಪಾನಿನ ಹಿರೋಕಿ ನೀಬೋರಿ ಇದನ್ನ ಒಂದು ಇಡೀ ಸಂಸಾರ ಮಾಡಿದ್ರು, ಸೊಪ್ರಾನೋ, ಆಲ್ಟೋ, ಪ್ರೈಮ್, ಬೇಸ್, ಕಾಂಟ್ರಾಬೇಸ್ ಅಂತ. ನಮ್ಮ ಫೆಸ್ಟಿವಲ್‌ನಲ್ಲಿ ಅಷ್ಟೆಲ್ಲ ಇರಲಿಲ್ಲ. ನಾಲ್ಕು ಸಾಲು ಮಾಮೂಲಿ ಗಿಟಾರು, ಸ-ದಿಂದ ಮ-ಗೆ ಏರಿದಷ್ಟು ಮೇಲಿನ ಶ್ರುತಿಯ ಎರಡು ರೆಕಿಂಟೋ ಅನ್ನೋ ಸಣ್ಣ ಗಿಟಾರು, ಒಂದು ಸ್ಥಾಯಿ ಕೆಳಗಿನ ಎರಡು ಕಾಂಟ್ರಾಬೇಸ್ ಗಿಟಾರು. ಕಾಂಟ್ರಾಬೇಸ್ ನುಡಿಸ್ತಿದ್ದವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಅಜ್ಜಿ, ಇಡೀ ವಾರ ನಮ್ಮೆಲ್ಲರನ್ನೂ ಜಾಗದಲ್ಲಿ ಇಟ್ಟೋರು ಅವ್ರೇ, ಎದುರು ನಿಂತು ಕೈ ಬೀಸಿ ಗುಂಪು ನಡೆಸೋ ಕಂಡಕ್ಟರ್ ಅಲ್ಲ.

ಜನ ಏನಂದ್ಕೊಳ್ತಾರೆ ಅಂದ್ರೆ ನಲವತ್ತು ಗಿಟಾರ್ ಸೇರಿದ್ರೆ ನಲವತ್ತು ಪಟ್ಟು ಸದ್ದು. ಇಲ್ಲ. ಸದ್ದಿನ ಲೆಕ್ಕ ಹಾಗೆ ಓಡಲ್ಲ. ಒಂದರ ಜೊತೆ ಇನ್ನೊಂದು ಸೇರಿದ್ರೆ 3 ಡೆಸಿಬೆಲ್ ಏರುತ್ತೆ, ಹತ್ತು ಸೇರಿದ್ರೆ 10 ಡೆಸಿಬೆಲ್, ನಲವತ್ತಕ್ಕೆ ಸುಮಾರು 16. ನಮ್ಮ ಕಿವಿಗೆ 10 ಡೆಸಿಬೆಲ್ ಏರಿದ್ರೆ ಎರಡು ಪಟ್ಟು ಜೋರು ಅನ್ಸುತ್ತೆ, ಹಂಗಾಗಿ ನಲವತ್ತು ಗಿಟಾರು ಅಂದ್ರೆ ಒಂದು ಗಿಟಾರಿನ ಮೂರು ಪಟ್ಟು ಸದ್ದು. ಮೂವತ್ತೊಂಬತ್ತು ಜನ ಹೆಚ್ಚಿಗೆ ಬಂದು, ಅವರಿಗೆಲ್ಲ ಊಟ ಹಾಕಿ, ಕುರ್ಚಿ ಹೊಂದಿಸಿ, ಸಿಕ್ಕಿದ್ದು ಇಷ್ಟು! ಹೊರಗೆ ಹೋದ ಪಂಡಿತರಿಗೆ ಇದೇ ತಕರಾರು, ಇಷ್ಟು ಕಷ್ಟಪಟ್ಟು ಏನು ಬಂತು ಅಂತ. ಜೋರು ಸದ್ದಿಗೆ ಅಂತ ಗಿಟಾರ್ ಆರ್ಕೆಸ್ಟ್ರಾ ಕಟ್ಟೋದಾದ್ರೆ ಅವರು ಹೇಳೋದು ಸರಿ, ಬೇಡವೇ ಬೇಡ.

ಅದಕ್ಕಿಂತ ದೊಡ್ಡ ತೊಂದರೆ ಒಟ್ಟಿಗೆ ಶುರು ಮಾಡೋದು. ವಯಲಿನ್ ಸದ್ದು ಬಿಲ್ಲು ಎಳೆದ ಹಾಗೆ ಮೆಲ್ಲಗೆ ಹುಟ್ಟುತ್ತೆ, ಹತ್ತು ಜನ ಕೂದಲೆಳೆಯಷ್ಟು ಹಿಂದೆ ಮುಂದೆ ಆದ್ರೂ ಎಲ್ಲ ಸೇರಿ ಒಂದು ದಪ್ಪ ಸದ್ದಾಗಿ ಕೇಳುತ್ತೆ. ಗಿಟಾರ್ ತಂತಿ ಮೀಟಿದ ಕ್ಷಣಕ್ಕೇ ಸದ್ದು ಪೂರ್ತಿ ಹುಟ್ಟಿಬಿಡುತ್ತೆ, ಆಮೇಲೆ ಬರೀ ಸಾಯೋದೇ. ಹಿಂದೆ ಮುಂದೆ ಆಗಿದ್ದು ಮುಚ್ಚಿಡೋಕೆ ಜಾಗವೇ ಇಲ್ಲ. ಇನ್ನು ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ, ನಮ್ಮ ಅರ್ಧವೃತ್ತ ಈ ತುದಿಯಿಂದ ಆ ತುದಿಗೆ ಹನ್ನೆರಡು ಮೀಟರ್ ಆದ್ರೂ ಇತ್ತು, ಅಂದ್ರೆ ಆ ಕಡೆ ರೆಕಿಂಟೋ ನುಡಿಸಿದ್ದು ನನ್ನ ಕಿವಿಗೆ ತಲುಪುವಾಗ 35 ಮಿಲಿಸೆಕೆಂಡ್ ಲೇಟು. ನಾನು ಅದನ್ನ ಕೇಳಿ ಆಮೇಲೆ ನುಡಿಸಿದ್ರೆ ಕೂತಿರೋರಿಗೆ ಸ್ಪಷ್ಟವಾಗಿ ಎರಡು ಸದ್ದು ಕೇಳುತ್ತೆ. ಹಂಗಾಗಿ ಕಿವಿ ನಂಬಬಾರದು, ಕಂಡಕ್ಟರ್ ಕೈ ನೋಡಬೇಕು. ಗಿಟಾರಿನೋರಿಗೆ ಇದು ಎಂಥ ಹಿಂಸೆ ಅಂದ್ರೆ, ಅವರ ಕಣ್ಣು ಹುಟ್ಟಿನಿಂದ ಅಂಟಿರೋದು ಸ್ವಂತ ಎಡಗೈಗೆ. ಮೊದಲ ದಿನದ ರಿಹರ್ಸಲ್‌ನಲ್ಲಿ ಕಂಡಕ್ಟರ್ ಮೂರು ನಿಮಿಷ ಕೈ ಬೀಸಿ, ನಿಲ್ಲಿಸಿ, ಪಾಪ ಮೆಲ್ಲಗೆ ಕೇಳಿದ್ರು, ಯಾರಾದ್ರೂ ಒಬ್ಬರು ನನ್ನ ಕಡೆ ನೋಡಿದ್ರಾ ಅಂತ.

ಬೆರಳಿನ ಜಗಳ ಇನ್ನೊಂದು. ಗಿಟಾರಲ್ಲಿ ಒಂದೇ ಸ್ವರ ಹಲವು ಕಡೆ ಸಿಗುತ್ತೆ. ಮೊದಲನೇ ತಂತಿಯ ಖಾಲಿ (ಬೆರಳೊತ್ತದ) ಸ್ವರವನ್ನೇ ತಗೊಳ್ಳಿ, ಎರಡನೇ ತಂತಿಯ ಐದನೇ ಮನೆಯಲ್ಲಿ (ಅಂದ್ರೆ ಫ್ರೆಟ್‌ನಲ್ಲಿ), ಮೂರನೇದರ ಒಂಬತ್ತರಲ್ಲಿ, ನಾಲ್ಕನೇದರ ಹದಿನಾಲ್ಕರಲ್ಲಿ, ಐದನೇದರ ಹತ್ತೊಂಬತ್ತರಲ್ಲೂ ಅದೇ ಸ್ವರ ಇದೆ. ಸ್ವರ ಅದೇ, ಬಣ್ಣ ಬೇರೆ, ಒಂದು ಕಡೆ ತೆಳ್ಳಗೆ ಫಳಫಳ, ಇನ್ನೊಂದು ಕಡೆ ಮಂದ. ಒಬ್ಬರೇ ನುಡಿಸುವಾಗ ಇದೇ ಸಂಪತ್ತು. ಹತ್ತು ಜನರ ಸಾಲಲ್ಲಿ ಹತ್ತು ಜನ ಹತ್ತು ಕಡೆ ಹಿಡಿದ್ರೆ ಮಣ್ಣುಮಸಿ. ಹಂಗಾಗಿ ಪೆನ್ಸಿಲ್ ಹಿಡ್ಕೊಂಡು ಪ್ರತಿ ಬಾರ್‌ಗೂ ಯಾವ ಬೆರಳು ಯಾವ ತಂತಿ ಅಂತ ಒಪ್ಪಂದ. ನಮ್ಮ ಮೂರನೇ ಸಾಲಿನ ಡೆಂಟಿಸ್ಟ್ ಒಬ್ಬರು ಒಂದು ಸ್ವರಕ್ಕೆ ಒಂದು ಪೂರ್ತಿ ಕಾಫಿ ಬ್ರೇಕ್ ವಾದ ಮಾಡಿದ್ರು. ಅವರು ಹೇಳಿದ್ದೇ ಸರಿ ಇತ್ತು, ಆದ್ರೂ ಮೆಜಾರಿಟಿ ಗೆದ್ವಿ.

ಶ್ರುತಿ ಬಗ್ಗೆ ಜಾಸ್ತಿ ಹೇಳಲ್ಲ. ನಲವತ್ತು ಗಿಟಾರಿಗೆ ಆರಾರರಂತೆ ಇನ್ನೂರ ನಲವತ್ತು ತಂತಿ, ನೈಲಾನ್ ಬೇರೆ, ಜನ ತುಂಬಿ ಚರ್ಚು ಬೆಚ್ಚಗಾಗ್ತಿದ್ದಂತೆ ಒಂದೊಂದೂ ಒಂದೊಂದು ಕಡೆ ಜಾರುತ್ತೆ. 18ನೇ ಶತಮಾನದಲ್ಲಿ ಯೋಹಾನ್ ಮ್ಯಾಥೆಸನ್ ಅನ್ನೋ ಜರ್ಮನ್ ಸಂಗೀತಗಾರ ಲ್ಯೂಟ್ ನುಡಿಸೋರನ್ನ ಆಡ್ಕೊಳ್ತಾ, ಎಂಬತ್ತು ವರ್ಷದ ಲ್ಯೂಟಿಸ್ಟ್ ಆದ್ರೆ ಅರವತ್ತು ವರ್ಷ ಶ್ರುತಿ ಮಾಡೋದ್ರಲ್ಲೇ ಕಳೆದಿರ್ತಾನೆ ಅಂದಿದ್ದ. ಈಗ ಎಲ್ಲರ ಗಿಟಾರ್ ತಲೆಗೂ ಕ್ಲಿಪ್ ಟ್ಯೂನರ್ ಇದೆ, ಆದ್ರೂ ಅವನ ಮಾತು ಪೂರ್ತಿ ಹಳೇದಾಗಿಲ್ಲ.

ಎರಡನೇ ಅರ್ಧ ಶುರುವಾಗಿದ್ದು ಇಟಲಿಯ ವಿವಾಲ್ಡಿಯ ಡಿ ಮೇಜರ್ ಕಾನ್ಸರ್ಟೋದಿಂದ (ಕಾನ್ಸರ್ಟೋ ಅಂದ್ರೆ ಒಂದು ವಾದ್ಯ ಮುಂದೆ, ಮಿಕ್ಕ ಗುಂಪು ಜೊತೆಗೆ), 1730ರ ದಶಕದ ಶುರುವಿನಲ್ಲಿ ಲ್ಯೂಟ್‌ಗೆ ಅಂತ ಬರೆದಿದ್ದು, ಈಗ ಗಿಟಾರಿನೋರ ನಿತ್ಯಪೂಜೆ. ಬ್ರಿಟನ್ ನುಡಿಸಿದ ಆಕೆಯೇ ಸೋಲೋ, ಪಿಟೀಲುಗಳ ಭಾಗ ನಮಗೆ. ಗಿಟಾರ್ ಕಾನ್ಸರ್ಟೋ ಅಂದ್ರೇನೇ ಒಂದು ಹಳೇ ತೊಂದರೆ, ಪೂರ್ತಿ ಆರ್ಕೆಸ್ಟ್ರಾ ಎದುರು ಗಿಟಾರ್ ಕೇಳೋದೇ ಇಲ್ಲ. ಸ್ಪೇನಿನ ಸಂಯೋಜಕ ರೊಡ್ರಿಗೋ 1939ರಲ್ಲಿ ಅರಾಂಹ್ವೇಸ್ ಕಾನ್ಸರ್ಟೋ ಬರೆಯುವಾಗ ಗಿಟಾರ್ ಮಾತಾಡೋ ಕಡೆಯೆಲ್ಲ ಆರ್ಕೆಸ್ಟ್ರಾವನ್ನ ಎಷ್ಟು ತೆಳ್ಳಗೆ ಮಾಡಿದ್ದಾನೆ ಅಂದ್ರೆ ಅಷ್ಟು ಜನ ಸುಮ್ಮನೆ ಕೂತಿರೋದೇ ಜಾಸ್ತಿ, ಆದ್ರೂ ಇವತ್ತು ಎಷ್ಟೋ ಕಡೆ ಅದಕ್ಕೆ ಮೈಕ್ ಇಡ್ತಾರೆ. ಗಿಟಾರ್ ಆರ್ಕೆಸ್ಟ್ರಾ ಜೊತೆ ಈ ತೊಂದರೆ ಇಲ್ಲ, ಮೂರು ಪಟ್ಟು ಸದ್ದು ಅಂದ್ನಲ್ಲ, ಸ್ವಲ್ಪ ತಗ್ಗಿಸಿದ್ರೆ ಸೋಲೋ ಆರಾಮಾಗಿ ಮೇಲೆ ತೇಲುತ್ತೆ. ನಿಧಾನದ ಭಾಗದಲ್ಲಿ ಆಕೆ ರಿಪೀಟ್‌ಗಳಿಗೆ ಹಾಕಿದ ಅಲಂಕಾರ ಕೊನೇ ಬೆಂಚಿಗೂ ಕೇಳಿಸ್ತಂತೆ.

ಆದ್ರೂ ನನಗೆ ಅದು ಅಷ್ಟು ಇಷ್ಟ ಆಗಲಿಲ್ಲ ಅಂತ ಹೇಳಿಬಿಡ್ತೀನಿ. ಪಿಟೀಲಿಗೆ ಬರೆದ ಉದ್ದುದ್ದ ಸ್ವರಗಳು ಗಿಟಾರಲ್ಲಿ ಅರ್ಧ ದಾರೀಲೇ ಆರಿಹೋಗುತ್ವೆ. ನಾವು ಪಿಟೀಲಾಗೋಕೆ ಹೋಗಿ ಆಗದೇ ಇರೋದು ಪ್ರತಿ ಬಾರಲ್ಲೂ ಕಾಣುತ್ತೆ. ಗಿಟಾರ್ ಆರ್ಕೆಸ್ಟ್ರಾಗಳ ಕಾರ್ಯಕ್ರಮದಲ್ಲಿ ಮುಕ್ಕಾಲು ಭಾಗ ಇಂಥದ್ದೇ ಇರುತ್ತೆ, ವಿವಾಲ್ಡಿ, ಪಾಖೆಲ್‌ಬೆಲ್, ಒಂದು ಸಿನಿಮಾ ಮ್ಯೂಸಿಕ್ಕು. ಎದ್ದು ಹೋದವರು ಇದನ್ನ ಹಲವು ಸಲ ಕೇಳಿ ಬೇಜಾರಾಗಿರಬೇಕು, ಅಷ್ಟರ ಮಟ್ಟಿಗೆ ಅವರ ಪರ.

ಆಮೇಲೆ ಬಂದಿದ್ದು ಲಿಯೋ ಬ್ರೌವರ್. ಹವಾನಾದಲ್ಲಿ 1939ರಲ್ಲಿ ಹುಟ್ಟಿದವರು, ಅವರೇ ದೊಡ್ಡ ಗಿಟಾರಿಸ್ಟ್ ಆಗಿದ್ರು, 80ರ ದಶಕದ ಶುರುವಲ್ಲಿ ಬಲಗೈ ಬೆರಳಿಗೆ ಏಟಾಗಿ ವೇದಿಕೆ ಬಿಟ್ಟು ಬರೆಯೋದು, ಕಂಡಕ್ಟ್ ಮಾಡೋದರಲ್ಲಿ ಉಳಿದ್ರು. ಅವರು 1984ರಲ್ಲಿ ಬರೆದಿದ್ದು ಪಾಯಿಸಾಹೆ ಕುಬಾನೋ ಕಾನ್ ಜುವಿಯಾ, ಕ್ಯೂಬಾದ ಮಳೆಯ ಚಿತ್ರ. ನಾಲ್ಕು ಗಿಟಾರಿಗೂ ನುಡಿಸಬಹುದು, ದೊಡ್ಡ ಗುಂಪಿಗೂ ನುಡಿಸಬಹುದು. ದೊಡ್ಡ ಗುಂಪಲ್ಲೇ ಇದರ ಗುಟ್ಟು ಬಯಲಾಗೋದು ಅಂತ ನನಗೆ ಅನ್ಸುತ್ತೆ.

ಶುರುವಲ್ಲಿ ಬಹಳ ಕಮ್ಮಿ ಸ್ವರ. ಇಲ್ಲೊಂದು ಹನಿ, ಎಲ್ಲೋ ಆ ಕಡೆ ಒಂದು ಹನಿ. ಒಂದೊಂದು ಸಾಲಿಗೂ ಎರಡು ಮೂರು ಸ್ವರದ ಚಿಕ್ಕ ತುಣುಕು, ಅದನ್ನ ತಿರುಗಿಸಿ ತಿರುಗಿಸಿ ನುಡಿಸ್ತಾ ಹೋಗಬೇಕು, ಒಂದರ ಮೇಲೊಂದು ಸಾಲು ಸೇರ್ತಾ ಹೋದಂಗೆ ದಟ್ಟ ಆಗುತ್ತೆ. ಆಮೇಲೆ ಒಂದು ಜಾಗ ಬರುತ್ತೆ, ಅಲ್ಲಿ ತಾಳ ಬಿಟ್ಟುಬಿಡ್ತಾರೆ, ಕೊಟ್ಟ ಸ್ವರಗಳನ್ನ ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ನುಡಿಸಬೇಕು, ಪಕ್ಕದೋರ ಜೊತೆ ಸೇರಬಾರದು. ತಂತಿಯನ್ನ ಎತ್ತಿ ಬಿಟ್ಟು ಮನೆಪಟ್ಟಿಗೆ ಫಟಾರ್ ಅಂತ ಹೊಡೆಸೋ ಪೆಟ್ಟುಗಳೂ ಬರುತ್ವೆ. ಅದೇ ಜಡಿಮಳೆ.

ಈಗ ಮುಂಚೆ ಹೇಳಿದ್ದನ್ನೆಲ್ಲ ನೆನಪು ಮಾಡ್ಕೊಳ್ಳಿ. ಒಟ್ಟಿಗೆ ಶುರು ಮಾಡೋಕೆ ಆಗಲ್ಲ, ಮೀಟಿದ ಕೂಡಲೇ ಸದ್ದು ಚುಚ್ಚಿದಂಗೆ ಹುಟ್ಟುತ್ತೆ, ಹುಟ್ಟಿದ್ದು ಸಾಯುತ್ತೆ, ಈ ತುದಿಯಿಂದ ಆ ತುದಿಗೆ ಲೇಟಾಗುತ್ತೆ, ಒಬ್ಬೊಬ್ಬರ ಉಗುರು, ಮರ, ಬಣ್ಣ ಬೇರೆ. ವಿವಾಲ್ಡಿಯಲ್ಲಿ ಇವೆಲ್ಲ ದೋಷ, ವಾರವಿಡೀ ಉಜ್ಜಿ ಉಜ್ಜಿ ಮುಚ್ಚಿಡಬೇಕಾಗಿದ್ದು. ಬ್ರೌವರ್ ಗಿಟಾರಿನ ಒಳಗೆ ಬೆಳೆದ ಮನುಷ್ಯ, ಈ ದೋಷಗಳ ಪಟ್ಟಿಯನ್ನೇ ಕಚ್ಚಾವಸ್ತು ಮಾಡ್ಕೊಂಡುಬಿಟ್ಟಿದ್ದಾರೆ. ಮಳೆ ಹನಿಗಳು ಒಟ್ಟಿಗೆ ಬೀಳಲ್ಲ. ನಲವತ್ತು ಜನ ಶಿಸ್ತಿನಿಂದ ಒಂದೇ ಸಲ ಮೀಟಿದ್ರೆ ಅದು ಮಳೆನೇ ಅಲ್ಲ. ಇದನ್ನ ಪಿಟೀಲುಗಳ ಗುಂಪಿಗೆ ಕೊಟ್ಟು ನೋಡಿ, ಮಂಜು ಕವಿದಂಗೆ ಆಗುತ್ತೆ ಹೊರತು ಹನಿ ಬೀಳಲ್ಲ. ನಾಲ್ಕು ಜನ ಪ್ರೊಫೆಷನಲ್‌ಗಳಿಗೆ ಕೊಟ್ರೆ ಚೊಕ್ಕವಾಗಿರುತ್ತೆ, ಆದ್ರೆ ನಾಲ್ಕು ಕಡೆಯಿಂದ ಮಾತ್ರ ಬೀಳುತ್ತೆ. ಇನ್ನು ರೆಕಾರ್ಡಿಂಗ್‌ನಲ್ಲಿ ಹನ್ನೆರಡು ಮೀಟರ್ ಅಗಲದ ಅರ್ಧವೃತ್ತವನ್ನ ಎರಡು ಸ್ಪೀಕರ್ ಒಳಗೆ ತುರುಕ್ತಾರೆ, ಯಾವ ಹನಿ ಎಲ್ಲಿ ಬಿತ್ತು ಅನ್ನೋದೇ ಹೋಗಿಬಿಡುತ್ತೆ. ಅವತ್ತು ಹಾಲಲ್ಲಿ ಕೂತೋರಿಗೆ ಮಾತ್ರ ಸಿಕ್ಕಿದ್ದು ಅದು.

ತಮಾಷೆ ಅಂದ್ರೆ ರಿಹರ್ಸಲ್‌ನಲ್ಲಿ ಅತಿ ಕಷ್ಟ ಆಗಿದ್ದು ಈ ಬಿಟ್ಟುಬಿಡೋ ಜಾಗವೇ. ಮೂರು ದಿನ ಒಟ್ಟಿಗೆ ನುಡಿಸಿ ನುಡಿಸಿ ಅಂತ ಬೈಸ್ಕೊಂಡಿದ್ದ ನಮಗೆ ಈಗ ಬೇರೆ ಬೇರೆ ನುಡಿಸಿ ಅಂದ್ರೆ ಬರ್ತಿಲ್ಲ. ಎರಡು ಸುತ್ತು ಆಗೋಷ್ಟರಲ್ಲಿ ಇಡೀ ಸಾಲು ತಾನಾಗಿ ಒಂದೇ ಲಯಕ್ಕೆ ಬಂದುಬಿಡ್ತಿತ್ತು, ಒಂಟಿ ಪ್ರಾಣಿಗಳು ಅಂದ್ನಲ್ಲ, ಅದೇ ಜನ! ಕಂಡಕ್ಟರ್ ಕೊನೆಗೆ ಒಂದು ಉಪಾಯ ಮಾಡಿದ್ರು, ನಿಮ್ಮ ನಿಮ್ಮ ಉಸಿರಿನ ಲೆಕ್ಕಕ್ಕೆ ನುಡಿಸಿ ಅಂತ. ನನ್ನ ಪಕ್ಕದ ಡೆಂಟಿಸ್ಟ್ ಉಸಿರು ಭಾರೀ ನಿಧಾನ, ನನ್ನದು ಮೆಟ್ಟಿಲು ಹತ್ತಿದಂಗೆ. ಆವಾಗ ಕೂಡಿತು, ಅಂದ್ರೆ ಚೆದುರಿತು. ಪಕ್ಕದವರನ್ನ ಕೇಳಿಸ್ಕೊಳ್ತಾನೇ ಅವರ ಜೊತೆ ಸೇರದೇ ಇರೋದಕ್ಕೆ, ಜೊತೆಯಲ್ಲಿ ನುಡಿಸೋದಕ್ಕಿಂತ ಹೆಚ್ಚು ಕಿವಿ ಬೇಕಾಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕಾನ್ಸರ್ಟಲ್ಲಿ ಹೇಗಾಯ್ತು ಅಂತ ಒಳಗೆ ಕೂತಿದ್ದ ನನಗೆ ಹೇಳೋಕೆ ಬರಲ್ಲ. ಒಳಗಿದ್ದೋರಿಗೆ ತಮ್ಮ ಹನಿ ಮತ್ತೆ ಅಕ್ಕಪಕ್ಕದ ಎರಡು ಹನಿ ಅಷ್ಟೇ. ಅದಕ್ಕೇ ವಾಪಸ್ ಬರುವಾಗ ರೈಲಲ್ಲಿ ಅಪ್ಪನನ್ನ ಕೇಳಿದೆ. ವಿವಾಲ್ಡಿ ಚೆನ್ನಾಗಿತ್ತು, ತಾಳ ಹಾಕೋಕೆ ಬರ್ತಿತ್ತು ಅಂದ್ರು. ಕಂಡಕ್ಟರ್ ಬಗ್ಗೆ, "ನಮ್ಮ ಭಾಗವತರ ಕೆಲಸವೇ, ಆದ್ರೆ ಹಾಡೋದೂ ಇಲ್ಲ, ಜಾಗಟೆಯೂ ಇಲ್ಲ, ಆಟ ಎತ್ತೋದಾದ್ರೂ ಹೆಂಗೆ ಪಾಪ" ಅಂತ ಮರುಕಪಟ್ರು. ಬೀಟೆಯ ಬಗ್ಗೆ ಇನ್ನೊಂದು ಸುತ್ತು ಮಾತಾಡಿದ್ರು, ಕಾಂಟ್ರಾಬೇಸ್ ಅಜ್ಜಿಗೆ ಊರಿನಿಂದ ಏನಾದ್ರೂ ಕಳಿಸಬೇಕು ಅಂದ್ರು. ಬ್ರಿಟನ್ ವಿಷಯ ಇಬ್ಬರೂ ಎತ್ತಲಿಲ್ಲ.

ಮಳೆದು? ಅಂತ ನಾನೇ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ್ರು, "ಬಿದ್ದಿದ್ದು ಸರಿಯಾಗಿ ಬಿತ್ತು, ಬಲಗಡೆಯಿಂದ ಬಂತು, ಆದ್ರೆ ಅಷ್ಟು ಬೇಗ ಬಿಡೋದು ಎಂಥ ಮಳೆ ಮಾರಾಯ್ತಿ?" ಆ ಭಾಗ ಎಷ್ಟು ಹೊತ್ತು ಅನ್ನೋದು ನಮ್ಮ ಕೈಲಿರಲಿಲ್ಲ, ಕಂಡಕ್ಟರ್ ಕೈಸನ್ನೆ ಮಾಡೋವರೆಗೂ ಅಂತ ನಾನಂದೆ. "ಹಂಗಾದ್ರೆ ಮುಂದಿನ ವರ್ಷ ಆ ಮನುಷ್ಯಂಗೆ ಮೊದಲೇ ಹೇಳಿಡು" ಅಂದು ಸ್ವೆಟರ್ ಗುಂಡಿ ಹಾಕ್ಕೊಂಡ್ರು.